ಸಣ್ಣ ಚಿನ್ನದ ದನಿ

ಪಿತಿಕೀತೊ, ಸೊನೋರಾ
ಮಾರ್ಚ್ ಹನ್ನೊಂದು, ಸೋಮವಾರ

ಪ್ರೀತಿಯ ದೆಲ್ಫಿನಾ,

ನಿನ್ನ ಕಾಲಿನ ಊತ ಇಳಿಯಿತೇ? ಮೊದಲು ಅದನ್ನು ಹೇಳು. ಏಳನೆಯ ತಿಂಗಳಲ್ಲಿ ನನಗೂ ಹಾಗೇ ಆಗಿತ್ತು. ನಿನ್ನನ್ನು ಹೊತ್ತಿದ್ದಾಗ ನಿಮ್ಮಪ್ಪನ ಚಪ್ಪಲಿ ಬಿಟ್ಟು ಬೇರೆ ಯಾವುದೂ ನನ್ನ ಕಾಲಿಗೆ ಹಿಡಿಸುತ್ತಿರಲಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ನಿಂತುಕೊಂಡೇ ಇಸ್ತ್ರಿ ಮಾಡಬೇಡ, ಒಂದು ಸ್ಟೂಲು ಕೇಳು. ನಾಚಿಕೊಂಡರೆ ಕಾಲು ನೋಯುವುದು ನಿನ್ನದೇ ಹೊರತು ಅವರದಲ್ಲ. ಉಪ್ಪು ಕಡಿಮೆ ತಿನ್ನು. ಅಳಿಯ ಎರಾಸ್ತೊ ಹೇಗಿದ್ದಾನೆ? ಅವನ ಹಲ್ಲುನೋವು ಹೋಯಿತೇ? ನಾನು ಚೆನ್ನಾಗಿದ್ದೇನೆ. ಬಲಗಡೆಯ ಭುಜ ಸ್ವಲ್ಪ ನೋಯುತ್ತದೆ, ಅದು ಯಾಕೆಂದು ಮುಂದೆ ಹೇಳುತ್ತೇನೆ. ಉಳಿದಂತೆ ದಣಿವು, ಅಷ್ಟೆ. ಈಚೆಗೆ ಬೆಳಗ್ಗೆ ಏಳುವಾಗಲೇ ದಣಿದಿರುತ್ತೇನೆ, ನಿದ್ದೆಯಲ್ಲೂ ಯಾರೋ ಕೆಲಸ ಮಾಡಿಸಿಕೊಂಡ ಹಾಗೆ. ಚಾಯೊ ಇವತ್ತು ತಂಗಿಯನ್ನು ನೋಡಲು ನಿಮ್ಮ ತಿಹುವಾನಾಕ್ಕೆ ಬಸ್ಸು ಹತ್ತುತ್ತಾಳೆ. ಅವಳ ಕೈಯಲ್ಲಿ ಈ ಪತ್ರ, ಒಂದು ಜಾಡಿ ಒಣಮಾಂಸ, ಒಂದು ಕಟ್ಟು ಗೋಧಿಯ ತೊರ್ತಿಯಾ ರೊಟ್ಟಿ ಕಳಿಸುತ್ತಿದ್ದೇನೆ. ತೊರ್ತಿಯಾ ದಾರಿಯಲ್ಲಿ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆ ಸುತ್ತಿ ಬಿಸಿ ಮಾಡು.

ಎರಾಸ್ತೊ ಹೋದ ತಿಂಗಳು ಫೋನಿನಲ್ಲಿ ಒಂದು ವಿಷಯ ಕೇಳಿದ್ದ. ಬೇಸಿಗೆಯಲ್ಲಿ ತನ್ನ ಅಣ್ಣನ ಜೊತೆ ಬೆಟ್ಟದ ಕಡೆ ಹೋಗಿ ಚಿನ್ನ ಹುಡುಕುವ ಯೋಚನೆಯಂತೆ, ಹೊಸಬರು ಕೈಗೆಟುಕುವ ಬೆಲೆಯಲ್ಲಿ ಯಾವ ಡಿಟೆಕ್ಟರ್ ಕೊಳ್ಳಬೇಕು, ಅಲ್ಲಿ ಯಾರನ್ನಾದರೂ ಕೇಳಿ ಹೇಳಿ ಎಂದಿದ್ದ. ಯಾರನ್ನೂ ಕೇಳಬೇಕಾಗಿಲ್ಲ, ನಾವೇ ಕೊಂಡಿದ್ದೇವೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿನಗೆ ಕೆಲಸಕ್ಕೆ ಹೊತ್ತಾಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವನಿಗೂ ಓದಿ ಹೇಳು. ಆದರೆ ಮೊದಲು ನೀನೊಬ್ಬಳೇ ಓದು.

ನಿಮ್ಮಪ್ಪ ಗಣಿಯ ಕೆಲಸ ಬಿಟ್ಟದ್ದು ನಿನಗೆ ಗೊತ್ತು. ಬಿಟ್ಟದ್ದೇನು, ಬಿಡಿಸಿದ್ದು. ಗುತ್ತಿಗೆ ಬೇರೆಯವರ ಕೈಗೆ ಹೋದಾಗ ತಲೆ ನರೆತವರನ್ನೆಲ್ಲ ಒಂದೇ ಬಸ್ಸಿನಲ್ಲಿ ಊರಿಗೆ ಕಳಿಸಿಬಿಟ್ಟರು. ಜೀವಮಾನವೆಲ್ಲ ಡ್ರಿಲ್ ಹಿಡಿದು ಬಂಡೆ ಕೊರೆದ ಮನುಷ್ಯ ಹಿತ್ತಲ ಜಾಲಿಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ. ಮೊದಮೊದಲು ನಾನು ಕೂರಲಿ ಬಿಡು ಅಂದುಕೊಂಡೆ. ಆಮೇಲೆ ನನಗೆ ಸಿಟ್ಟು ಬರತೊಡಗಿತು. ಅಡುಗೆಮನೆಯಿಂದ ಕರೆದರೆ ಓ ಅನ್ನುವುದಿಲ್ಲ. ಕಾಫಿ ಬೇಕೇ ಅಂದರೆ ಬೇಲಿಯ ಕಡೆ ನೋಡುತ್ತಾನೆ. ಕೆಲಸ ಹೋದದ್ದಕ್ಕೆ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದೇ ನಾನು ನಂಬಿದ್ದೆ. ನಾನೂ ಮಾತು ಕಡಿಮೆ ಮಾಡಿದೆ. ಎರಡು ಕೋಣೆಯ ಮನೆಯಲ್ಲಿ ಇಬ್ಬರು ಮೂಗರು ಸಂಸಾರ ಮಾಡುವ ಹಾಗೆ ತಿಂಗಳುಗಳು ಕಳೆದವು.

ಅಷ್ಟರಲ್ಲಿ ನಿನ್ನ ಧರ್ಮಪಿತ, ಚಾಯೊಳ ಗಂಡ ಲಿಬ್ರಾದೊಗೆ ಬೆಟ್ಟದ ಹಿಂದಿನ ಒಣಹಳ್ಳದಲ್ಲಿ ಹುಣಸೆಬೀಜದಷ್ಟು ದಪ್ಪದ ಚಿನ್ನದ ಗಟ್ಟಿ ಸಿಕ್ಕಿತು. ಊರಿಗೆ ಊರೇ ಜ್ವರ ಹಿಡಿದಂತಾಯಿತು. ಕ್ಷೌರದಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಹಿಟ್ಟಿನ ಗಿರಣಿಯಲ್ಲಿ ಡಿಟೆಕ್ಟರಿನದೇ ಮಾತು. ಲಿಬ್ರಾದೊ ತನ್ನ ಲಾರಿ ಮಾರಿ ದೊಡ್ಡ ಯಂತ್ರ ಕೊಂಡ. ಅದನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆ ಮುಂದೆ ಹಾದುಹೋಗುವಾಗೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದ. ನಿಮ್ಮಪ್ಪ ಕುರ್ಚಿಯಿಂದ ಎದ್ದದ್ದು ಆಗಲೇ. ಮೊದಲಾಗಿದ್ದರೆ ಅವನೂ ಎಲ್ಲರ ಹಾಗೆ ಒಣಮಣ್ಣನ್ನು ಗಾಳಿಪೆಟ್ಟಿಗೆಗೆ ಹಾಕಿ ತೂರಿ ಚಿನ್ನ ತೆಗೆಯುತ್ತಿದ್ದ. ಈಗ ಆ ದೂಳು ಎದೆಗೆ ಆಗುವುದಿಲ್ಲ, ಗುದ್ದಲಿ ಹಿಡಿದು ಬೆಳಗಿನಿಂದ ಸಂಜೆವರೆಗೆ ಬಗೆಯಲು ಮೊಣಕಾಲು ಒಪ್ಪುವುದಿಲ್ಲ. ಡಿಟೆಕ್ಟರ್ ಇದ್ದರೆ ಸದ್ದು ಬಂದಲ್ಲಿ ಮಾತ್ರ ಅಗೆದರೆ ಸಾಕು. ಅದು ನನಗೂ ಸರಿಯೆನಿಸಿತು. ನಮ್ಮ ಎರಡು ಹಸು ಮಾರಿದೆವು. ಅಷ್ಟರೊಳಗೆ ಬಂದರೆ ಯಂತ್ರ, ಇಲ್ಲವಾದರೆ ಇಲ್ಲ ಎಂದು ಮೊದಲೇ ಹೇಳಿದೆ. ನಿನಗೆ ಧರ್ಮಪಿತನಾದಂದಿನಿಂದ ನನ್ನನ್ನು ಕೊಮಾದ್ರೆ, ನಿಮ್ಮಪ್ಪನನ್ನು ಕೊಂಪಾದ್ರೆ ಎಂದೇ ಕರೆಯುವ ಲಿಬ್ರಾದೊ ಬೇಲಿಗೆ ಆನಿಕೊಂಡು ನಕ್ಕ. “ಕೊಮಾದ್ರೆ, ಅಷ್ಟರಲ್ಲಿ ಬರೋದು ಮಕ್ಕಳ ಆಟದ ಸಾಮಾನು. ತಗೊಂಡ್ರೆ ನನ್ನಂಥದ್ದು ತಗೊಳ್ಳಿ, ಇಲ್ಲಾ ಕುರ್ಚಿ ಮೇಲೆ ಸುಮ್ನೆ ಕೂತಿರ್ಲಿ ಬಿಡಿ.” ನಿಮ್ಮಪ್ಪ ಅವನ ಬಾಯನ್ನೇ ನೋಡುತ್ತಿದ್ದ. ಹಾಗೆ ಯಾಕೆ ನೋಡುತ್ತಾನೆಂದು ನಾನು ಆಗ ಯೋಚಿಸಲಿಲ್ಲ.

ಪಕ್ಕದ ಕಬೋರ್ಕಾದಲ್ಲಿ ಟೈರ್ ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಚೋಲೆ ಎಂಬ ವಿಧವೆ ಹಳೆಯ ಡಿಟೆಕ್ಟರುಗಳನ್ನು ಮಾರುತ್ತಾಳೆ. ಗಂಡ ಇದ್ದಾಗ ಇಬ್ಬರೂ ಮರುಭೂಮಿಯಲ್ಲೇ ಬಿಡಾರ ಹಾಕಿಕೊಂಡಿದ್ದವರಂತೆ. ಗೋಡೆಯ ತುಂಬ ಯಂತ್ರಗಳನ್ನು ನೇತುಹಾಕಿದ್ದಾಳೆ. ಇಷ್ಟೊಂದು ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ. “ನಾನೇನೂ ತರ್ಸಲ್ಲಕ್ಕ. ಸಾಕಾದೋರು ತಾವಾಗೇ ತಂದು ಕೊಡ್ತಾರೆ” ಅಂದಳು. ಅವಳ ಆ ಮಾತಿಗೇ ನಾನು ಮನೆಗೆ ವಾಪಸು ಹೊರಡಬೇಕಿತ್ತು. ಆದರೆ ನಿಮ್ಮಪ್ಪ ಆಗಲೇ ಟೋಪಿ ತೆಗೆದು ಗೋಡೆಯ ಮುಂದೆ ನಿಂತಿದ್ದ, ಇಗರ್ಜಿಯಲ್ಲಿ ನಿಂತ ಹಾಗೆ.

ಎರಾಸ್ತೊ ಇದನ್ನು ಗಮನವಿಟ್ಟು ಕೇಳಲಿ. ಚೋಲೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಎಲ್ಲಕ್ಕಿಂತ ಅಗ್ಗದವು ನಾಣ್ಯ, ಉಂಗುರ ಹುಡುಕಲು ಮಾಡಿದವು. ಅವುಗಳ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬರುತ್ತದೆ, ನೋಡಲು ಚೆಂದ. ಕಡಲ ತೀರದಲ್ಲಿ ಸರಿ, ನಮ್ಮ ಹಳ್ಳಗಳಲ್ಲಿ ಅಕ್ಕಿಕಾಳಿನಷ್ಟು ಚಿನ್ನ ಅದಕ್ಕೆ ಕಾಣುವುದೇ ಇಲ್ಲ. ಎಲ್ಲಕ್ಕಿಂತ ದುಬಾರಿಯದು ಲಿಬ್ರಾದೊನದು. ಅದು ಆಳಕ್ಕೆ ಹೋಗುತ್ತದೆ, ಕಬ್ಬಿಣ ತುಂಬಿದ ಕೆಂಪುಮಣ್ಣಿನಲ್ಲೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಮೊಳೆ ಯಾವುದು ಚಿನ್ನ ಯಾವುದು ಎಂದು ಬೇರೆ ಮಾಡಿ ಹೇಳುವುದಿಲ್ಲ, ಎಲ್ಲವನ್ನೂ ಅಗೆಯಬೇಕು. ನಡುವಿನದು ಸಣ್ಣ ಚಿನ್ನಕ್ಕೆಂದೇ ಮಾಡಿದ್ದು. ಬಹಳ ಸಣ್ಣ ಚೂರಿಗೂ ದನಿಗೊಡುತ್ತದೆ, ಆದರೆ ಆಳಕ್ಕೆ ಹೋಗುವುದಿಲ್ಲ, ಕಬ್ಬಿಣ ಬೆರೆತ ಕಪ್ಪುಮರಳು ಇದ್ದಲ್ಲಿ ಸುಮ್ಮಸುಮ್ಮನೆ ಗೊಣಗುತ್ತದೆ. ಅದನ್ನು ಆಯಾ ನೆಲಕ್ಕೆ ಹೊಂದಿಸಿಕೊಂಡು, ಕೋಲಿನ ತುದಿಯ ತಟ್ಟೆಯನ್ನು ನೆಲಕ್ಕೆ ತೀರ ಹತ್ತಿರ ಹಿಡಿದು, ನಿಧಾನವಾಗಿ ಗುಡಿಸುವ ಹಾಗೆ ಆಡಿಸಬೇಕು. ಹೊಸಬರಿಗೆ, ಬಡವರಿಗೆ ಇದೇ ಎಂದಳು. ತಟ್ಟೆ ಚಿಕ್ಕದಿದ್ದರೆ ಒಳ್ಳೆಯದು, ಬಂಡೆಗಳ ಸಂದಿಗೆ ಹೋಗುತ್ತದೆ, ತೋಳಿಗೂ ಹಗುರ. ಹಳೆಯದು ಕೊಳ್ಳುವಾಗ ವೈರು ತಟ್ಟೆಗೆ ಸೇರುವ ಜಾಗವನ್ನು ಅಲ್ಲಾಡಿಸಿ ನೋಡಿ, ಅಲ್ಲಿ ಸದ್ದು ಮುರಿದರೆ ಬೇಡ. ಹೆಡ್‌ಫೋನ್ ಮಾತ್ರ ಒಳ್ಳೆಯದೇ ಬೇಕು, ಗಾಳಿ ಬೀಸುವಾಗ ಬರಿಯ ಕಿವಿಗೆ ಏನೂ ಕೇಳಿಸುವುದಿಲ್ಲ.

ಚೋಲೆ ಅಂಗಡಿಯ ಹಿಂದೆ ಬಾನಿಗಳಲ್ಲಿ ಬೇರೆ ಬೇರೆ ಹಳ್ಳದ ಮಣ್ಣು ಇಟ್ಟುಕೊಂಡಿದ್ದಾಳೆ. ಸೀಸದ ಸಣ್ಣ ಗುಂಡೊಂದನ್ನು ರಟ್ಟಿಗೆ ಅಂಟಿಸಿ ಮಣ್ಣಿನೊಳಗೆ ಹುದುಗಿಸಿದಳು. ಯಂತ್ರಕ್ಕೆ ಸೀಸವೂ ಚಿನ್ನವೂ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುತ್ತದಂತೆ. ನಿಮ್ಮಪ್ಪನ ಕೈಗೆ ನಡುವಿನ ಬಗೆಯ ಒಂದು ಯಂತ್ರ ಕೊಟ್ಟಳು. ಅವನು ತಟ್ಟೆಯನ್ನು ಮಣ್ಣಿನ ಮೇಲೆ ಈ ಕಡೆಯಿಂದ ಆ ಕಡೆಗೆ ಆಡಿಸಿದ. ಸೊಳ್ಳೆಯೊಂದು ಕಿವಿಯ ಹತ್ತಿರ ಹಾದುಹೋದ ಹಾಗೆ ತೆಳ್ಳಗೆ ಒಂದು ದನಿ ಬಂತು. ಅವನು ನಿಲ್ಲಲಿಲ್ಲ. ಇನ್ನೊಮ್ಮೆ ಆಡಿಸಿದ, ಮತ್ತೆ ಸೊಳ್ಳೆ ಹಾದುಹೋಯಿತು. ತಲೆಯೆತ್ತಿ, ಇದು ಕೆಟ್ಟುಹೋಗಿದೆ, ಬೇರೆ ಕೊಡಿ ಎಂದ. ಚೋಲೆ ನನ್ನ ಮುಖ ನೋಡಿದಳು. ಬೇರೆ ಕೊಟ್ಟಳು. ಅದೂ ಕೂಗಿತು, ಅವನು ಅದನ್ನೂ ಕೆಟ್ಟಿದೆ ಎಂದ. ಮೂರನೆಯದನ್ನು ಕೊಡುವ ಮೊದಲು ಅವಳು ಇನ್ನೊಂದು ಮೂಲೆಯಲ್ಲಿ ತುಕ್ಕು ಹಿಡಿದ ದೊಡ್ಡ ಮೊಳೆಯನ್ನು ಹುದುಗಿಸಿದಳು. ಅದಕ್ಕೆ ಯಂತ್ರ ಗೂಳಿಯ ಹಾಗೆ ದಪ್ಪ ದನಿಯಲ್ಲಿ ಗುಟುರು ಹಾಕಿತು. ನಿಮ್ಮಪ್ಪ ಥಟ್ಟನೆ ನಿಂತ. ಮುಖ ಅರಳಿತು. “ನೋಡು ಮುದುಕಿ, ಇದಕ್ಕೆ ಜೀವ ಇದೆ” ಎಂದ.

ಅವನು ಯಂತ್ರದ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದಾಗ ಚೋಲೆ ನನ್ನನ್ನು ಪಕ್ಕಕ್ಕೆ ಕರೆದಳು. “ಇವರು ಏನ್ ಕೆಲಸ ಮಾಡ್ತಿದ್ರಕ್ಕ?” ಎಂದು ಕೇಳಿದಳು. ಡ್ರಿಲ್ ಎಂದೆ. ಅವಳು ತಲೆಯಾಡಿಸಿದಳು. ಡ್ರಿಲ್ ಹಿಡಿದವರು ಬಹಳ ಮಂದಿ ಹೀಗೇ, ಸಣ್ಣ ದನಿ ಮೊದಲು ಹೋಗುತ್ತದೆ, ಹೋದದ್ದು ಅವರಿಗೆ ಎಷ್ಟೋ ದಿನ ತಿಳಿಯುವುದೂ ಇಲ್ಲ ಎಂದಳು. ಅಡುಗೆಮನೆಯಿಂದ ಕರೆದು ಕರೆದು ನಾನು ಗೊಣಗಿದ್ದೆಲ್ಲ ಒಟ್ಟಿಗೇ ನೆನಪಾಯಿತು. ಟಿವಿಯ ಸದ್ದು ಜಾಸ್ತಿ ಎಂದು ಹಾರಾಡಿದ್ದು ನೆನಪಾಯಿತು. ಇಗರ್ಜಿಯಲ್ಲಿ ಎಲ್ಲರೂ ಏಳುವಾಗ ಅವನು ಒಂದು ಗಳಿಗೆ ತಡವಾಗಿ ಏಳುತ್ತಿದ್ದದ್ದು ನೆನಪಾಯಿತು. ಅಷ್ಟು ದಿನ ಮುನಿಸಿಕೊಂಡಿದ್ದಾನೆ ಎಂದು ನಾನು ಯಾರ ಮೇಲೆ ಮುನಿಸಿಕೊಂಡಿದ್ದೆ ಹೇಳು.

ಚೋಲೆ ಒಳ್ಳೆಯವಳು. ಅವನ ಮುಂದೆ ಏನೂ ಆಡಲಿಲ್ಲ. ಈ ಮೂರನೆಯದರಲ್ಲಿ ದನಿಯನ್ನು ದಪ್ಪ ಮಾಡಿಕೊಳ್ಳುವ ಒಂದು ಗುಂಡಿ ಇದೆ, ಮೈದಾನದಲ್ಲಿ ದಪ್ಪ ದನಿಯೇ ವಾಸಿ ಎಂದು ಹೇಳಿ ಅದನ್ನು ಪೂರ್ತಿ ತಿರುಗಿಸಿ ಕೊಟ್ಟಳು. ಹಸುವಿನ ದುಡ್ಡಿನೊಳಗೇ ಬಂತು, ಒಂದು ಸಣ್ಣ ಸಲಿಕೆಯನ್ನೂ ಸೇರಿಸಿದಳು. ಆದರೂ ಅಕ್ಕಿಕಾಳಿನ ದನಿ ಅಷ್ಟರಿಂದ ಕೇಳಿಸಲಾರದು ಎಂದು ನನಗೆ ಮೆಲ್ಲಗೆ ಹೇಳಿದಳು. ನೀವು ಜೊತೆಗೆ ಹೋಗಿ ಎಂದಳು. ದಾರಿಯುದ್ದಕ್ಕೂ ನಿಮ್ಮಪ್ಪ ಉತ್ಸಾಹದಿಂದ ಮಾತಾಡಿದ, ನಾನು ಕಿಟಕಿಯ ಹೊರಗೆ ಕಳ್ಳಿಗಳನ್ನು ನೋಡುತ್ತ ಹೂಂ ಎನ್ನುತ್ತಿದ್ದೆ. ಆ ಹೂಂ ಕೂಡ ಅವನಿಗೆ ಕೇಳಿಸುತ್ತಿಲ್ಲ ಎಂದು ಹೊಳೆದು ಆಮೇಲೆ ತಲೆಯಾಡಿಸತೊಡಗಿದೆ.

ಜೊತೆಗೆ ಬರುತ್ತೇನೆ ಎಂದರೆ ಬೇಡ ಎಂದ. ಒಬ್ಬನೇ ಹೋದ, ದಿನಾ ಹೋದ. ಸಂಜೆ ಟೋಪಿಯಲ್ಲಿ ತುಂಬಿಕೊಂಡು ಬರುತ್ತಿದ್ದದ್ದು ಮೊಳೆ, ಕುದುರೆಲಾಳದ ಚೂರು, ತಂತಿ, ಹಳೇ ಬೀಗದ ತುಂಡು. ದಪ್ಪ ದನಿಯವು ಮಾತ್ರ. ಅವನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಲಿಬ್ರಾದೊ ಬಂದವನು, “ಕೊಂಪಾದ್ರೆ, ಗುಜರಿ ಅಂಗಡಿ ಇಡ್ತೀರೇನು?” ಎಂದ. ನಿಮ್ಮಪ್ಪ ಅರ್ಥವಾಗದೆ ನಕ್ಕುಬಿಟ್ಟ. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಮಾರನೆಯ ಬೆಳಗ್ಗೆ ಬುತ್ತಿ ಕಟ್ಟಿದವಳು ಅವನಿಗೆ ಕೊಡಲಿಲ್ಲ, ನಾನೇ ಹಿಡಿದುಕೊಂಡು ಗಾಡಿ ಹತ್ತಿ ಕೂತೆ. ಬುತ್ತಿ ಬೇಕಾದರೆ ನನ್ನನ್ನೂ ಕರೆದುಕೊಂಡು ಹೋಗಬೇಕು, ಅಷ್ಟೆ.

ಆ ಹಳ್ಳದಲ್ಲಿ ನೆರಳೇ ಇಲ್ಲ ಮಗಳೇ. ಕಲ್ಲು ಕಾದು ಚಪ್ಪಲಿಯ ಅಟ್ಟೆ ಮೆತ್ತಗಾಗುತ್ತದೆ. ಅವನು ಮುಂದೆ ತಟ್ಟೆ ಆಡಿಸುತ್ತ ಹೋದ, ನಾನು ಬುತ್ತಿ, ನೀರು, ಸಲಿಕೆ ಹೊತ್ತು ಹಿಂದೆ ಹೋದೆ. ಹೆಡ್‌ಫೋನ್ ಬಿಸಿಲಿಗೆ ಕಿವಿ ಬೇಯಿಸುತ್ತದೆ ಎಂದು ತೆಗೆದು ಕೊರಳಿಗೆ ಹಾಕಿಕೊಂಡಿದ್ದ, ಅದರ ವೈರನ್ನು ಯಂತ್ರದಿಂದ ಬಿಡಿಸಿದ್ದ, ಹಾಗಾಗಿ ಸದ್ದೆಲ್ಲ ಹೊರಗೇ ಕೇಳುತ್ತಿತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಳ್ಳ ತಿರುಗುವ ಕಡೆ, ಬಂಡೆಯ ಮಗ್ಗುಲಲ್ಲಿ, ಗುಂಡಿ ಪೂರ್ತಿ ತಿರುಗಿಸಿದ್ದರೂ ಎಳೆಯಷ್ಟು ತೆಳ್ಳಗೆ ಒಂದು ದನಿ. ಅವನು ದಾಟಿ ಹೋದ. ನಾನು ಅಲ್ಲೇ ಕುಳಿತೆ. ಅವನು ತಿರುಗಿ ನೋಡಿದಾಗ ಕಾಲು ಹಿಡಿದುಕೊಂಡು, ನನಗೆ ಆಗುವುದಿಲ್ಲ, ಇಲ್ಲೇ ಒಂದಷ್ಟು ಅಗೆದು ನೋಡೋಣ ಎಂದು ಸನ್ನೆ ಮಾಡಿದೆ. ಮುಖ ಗಂಟಿಕ್ಕಿಕೊಂಡೇ ಅಗೆದ. ಮಣ್ಣನ್ನು ಅಂಗೈಯಲ್ಲಿ ಹರಡಿ, ಅರ್ಧ ಚೆಲ್ಲಿ, ಉಳಿದರ್ಧವನ್ನು ತಟ್ಟೆಯ ಮೇಲೆ ಆಡಿಸಿ, ನಾನು ಬೆರಳು ತೋರಿಸಿದ ಪಾಲನ್ನೇ ಉಳಿಸಿಕೊಂಡು, ಹೀಗೆ ಕಡಿಮೆ ಮಾಡುತ್ತ ಬಂದು ಕೊನೆಗೆ ಉಳಿದದ್ದು ಒಂದು ಕಾಳು. ಹಳದಿ. ಉಗುಳು ಹಚ್ಚಿ ಒರೆಸಿದ. ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ಆ ಕಾಳನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ.

“ನಿಂಗೆ ಕೇಳಿಸ್ತು, ಅಲ್ವಾ?” ಎಂದ.

ಹೌದು ಎಂದು ತಲೆಯಾಡಿಸಿದೆ. ಅವನು ಯಂತ್ರವನ್ನು ಮೆಲ್ಲಗೆ ಕಲ್ಲಿಗೆ ಒರಗಿಸಿ ಪಕ್ಕದಲ್ಲಿ ಕೂತ. ಆಮೇಲೆ ನೆಲ ನೋಡುತ್ತಲೇ ಹೇಳತೊಡಗಿದ. ಗಣಿಯಲ್ಲಿ ವರ್ಷ ವರ್ಷವೂ ಕಿವಿ ಪರೀಕ್ಷೆ ಇರುತ್ತಿತ್ತಂತೆ. ಸದ್ದು ಕೇಳಿದಾಗ ಕೈ ಎತ್ತಬೇಕು. ಅವನು ಎದುರಿಗೆ ಕೂತ ಹುಡುಗಿಯ ಬೆರಳು ಗುಂಡಿ ಒತ್ತುವುದನ್ನು ನೋಡಿಕೊಂಡು ಕೈ ಎತ್ತುತ್ತಿದ್ದನಂತೆ. ಗೊತ್ತಾದರೆ ಅಂದೇ ಮನೆಗೆ ಕಳಿಸುತ್ತಿದ್ದರು, ನೀನಾಗ ಶಾಲೆಯಲ್ಲಿದ್ದೆ. ಆಮೇಲೆ ಮುಚ್ಚಿಡುವುದೇ ಅಭ್ಯಾಸವಾಯಿತಂತೆ. ಜನರ ಬಾಯಿ ನೋಡುತ್ತಿದ್ದ, ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದ, ಅಂದಾಜು ಸಿಗದಿದ್ದರೆ ನಗುತ್ತಿದ್ದ. “ಮೊದ್ಲು ಹಕ್ಕಿ ಹೋಯ್ತು” ಎಂದ. “ಹಕ್ಕಿ ಹೋದ್ರೆ ಹೋಗ್ಲಿ ಅಂದ್ಕೊಂಡೆ. ಆಮೇಲೆ ಮಕ್ಕಳ ದನಿ. ಆಮೇಲೆ ಹೆಂಗಸ್ರದ್ದು. ನಿನ್ನ ದನಿ ಹೋಯ್ತು ಅಂತ ನಿಂಗೆ ಹ್ಯಾಗ್ ಹೇಳ್ಲಿ ಮುದುಕಿ?”

ನಾನು ಬುತ್ತಿ ಬಿಚ್ಚಿದೆ. ಇಬ್ಬರೂ ತೊರ್ತಿಯಾ ತಿಂದೆವು. ಅವನ ಗಲ್ಲ ಹಿಡಿದು ಮುಖ ನನ್ನ ಕಡೆ ತಿರುಗಿಸಿ, ಮೊದಲೇ ಹೇಳಿದ್ದರೆ ಇಷ್ಟು ದಿನ ಬೈದದ್ದನ್ನು ಬೇರೆ ಯಾರಿಗಾದರೂ ಬೈಯುತ್ತಿದ್ದೆನಲ್ಲ ಎಂದೆ. ನಿಧಾನವಾಗಿ ಹೇಳಿದೆ. ಪೂರ್ತಿ ಅರ್ಥವಾಯಿತು. ನಗಲು ಹೋದವನು ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಅವನನ್ನು ಹಾಗೆ ನಾನು ನಿನ್ನ ಅಜ್ಜಿ ತೀರಿಕೊಂಡ ದಿನ ನೋಡಿದ್ದೆ, ಮತ್ತೆ ನೋಡಿರಲಿಲ್ಲ.

ಈಗ ನಮ್ಮ ಏರ್ಪಾಡು ಹೀಗಿದೆ. ಯಾವ ಹಳ್ಳ, ಯಾವ ತಿರುವು, ಮಳೆಯಲ್ಲಿ ಹರಿದ ನೀರು ಎಲ್ಲಿ ಸುಸ್ತಾಗಿ ಭಾರದ್ದನ್ನು ಕೆಳಗಿಳಿಸಿರಬೇಕು ಎಂದು ನೋಡುವುದು ಅವನು. ಹೆಡ್‌ಫೋನ್ ಹಾಕಿಕೊಂಡು ತಟ್ಟೆ ಆಡಿಸುವುದು ನಾನು, ಅದಕ್ಕೇ ಭುಜನೋವು. ಕೈ ಎತ್ತಿದರೆ ಅವನು ಬಂದು ಅಗೆಯುತ್ತಾನೆ. ಮೊದಲ ದಿನಗಳಲ್ಲಿ ನಾನು ಪ್ರತಿ ಗೊಣಗಾಟಕ್ಕೂ ಕೈ ಎತ್ತಿ ಅವನ ಸೊಂಟ ಮುರಿದೆ. ಈಗ ಬಿಸಿಕಲ್ಲಿನ ಸುಳ್ಳುದನಿ ಯಾವುದು, ನಿಜದ್ದು ಯಾವುದು ಎಂದು ಸುಮಾರಾಗಿ ತಿಳಿಯುತ್ತದೆ. ಸುಳ್ಳುದನಿ ತಟ್ಟೆ ಎತ್ತಿದ ಕೂಡಲೇ ಸಾಯುತ್ತದೆ, ನಿಜದ್ದು ಎರಡೂ ಕಡೆಯಿಂದ ಆಡಿಸಿದರೂ ಅದೇ ಜಾಗದಲ್ಲಿರುತ್ತದೆ. ಊರಿನವರು ಆಡಿಕೊಳ್ಳುತ್ತಾರೆ. ಲಿಬ್ರಾದೊ ಎಲ್ಲರ ಮುಂದೆ, “ಇನ್ಮೇಲೆ ಆ ಮನೇಲಿ ಪ್ಯಾಂಟು ಹಾಕೋದು ಕೊಮಾದ್ರೆನೇ” ಎಂದ. ಪ್ಯಾಂಟು ಒಗೆಯೋಳೂ ನಾನೇ, ಹಾಕ್ಕೊಂಡ್ರೆ ತಪ್ಪೇನು ಎಂದೆ. ಚಾಯೊ ಗಂಡನ ಮುಂದೆಯೇ ನಕ್ಕಳು. ಅವನಿಗೆ ಆ ಹುಣಸೆಬೀಜದ ನಂತರ ದೊಡ್ಡ ಯಂತ್ರದಿಂದಲೂ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿಲ್ಲ, ಲಾರಿ ಇಲ್ಲದೆ ನಮ್ಮ ಗಾಡಿಯಲ್ಲೇ ಹಳ್ಳಕ್ಕೆ ಬರುತ್ತಾನೆ. ಪಾಪ, ಬೈಯಬಾರದು.

ಎಷ್ಟು ಸಿಗುತ್ತದೆ ಎಂದು ಎರಾಸ್ತೊ ಕೇಳುತ್ತಾನೆ. ಪೆಟ್ರೋಲು, ಹಿಟ್ಟು, ಕಾಫಿಗೆ ಆಗುತ್ತದೆ. ಕೆಲವು ವಾರ ಅಷ್ಟೂ ಆಗುವುದಿಲ್ಲ. ಯಾರೂ ಇದರಿಂದ ಮನೆ ಕಟ್ಟುವುದಿಲ್ಲ ಎಂದು ಅವನಿಗೆ ಹೇಳು. ಆದರೂ ಹೋಗಲೇಬೇಕು ಎಂದಿದ್ದರೆ ನಡುವಿನ ಬಗೆಯದೇ ಕೊಳ್ಳಲಿ, ಕಡ ಮಾಡದೆ ಕೊಳ್ಳಲಿ. ಅಂಗಡಿಯವನು ಆಡಿಸಿ ತೋರಿಸುವುದನ್ನು ನೋಡಿ ಮರುಳಾಗದೆ, ತಾನು ಹೋಗಲಿರುವ ಜಾಗದ ಮಣ್ಣಿನಲ್ಲಿ, ತನ್ನ ಕಿವಿಯಲ್ಲಿ ಕೇಳಿ ನೋಡಲಿ. ಅವನೂ ವೆಲ್ಡಿಂಗ್ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದಿನ ನಡುವೆ ದುಡಿಯುವವನು. ಯಂತ್ರಕ್ಕಿಂತ ಮೊದಲು ಕಿವಿ ತೋರಿಸಿಕೊಳ್ಳಲಿ.

ನಿಮ್ಮಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಕಿವಿಗೆ ಹಾಕುವ ಯಂತ್ರದ ಮಾತೆತ್ತಿದರೆ, ಮನೆಗೊಂದು ಯಂತ್ರ ಸಾಕು ಎನ್ನುತ್ತಾನೆ. ಒಪ್ಪಿಸುತ್ತೇನೆ. ಅವಸರವಿಲ್ಲ, ನನಗೂ ಅವಸರ ಮಾಡುವ ಶಕ್ತಿಯಿಲ್ಲ. ಆದರೆ ಈಗ ಅವನು ಅಡುಗೆಮನೆಗೇ ಬಂದು ಬಾಗಿಲಿಗೆ ಒರಗಿ ನನ್ನ ಮುಖ ನೋಡುತ್ತ ನಿಲ್ಲುತ್ತಾನೆ. ಏನೂ ಹೇಳದಿದ್ದರೂ ನಿಲ್ಲುತ್ತಾನೆ. ಇಷ್ಟು ವಯಸ್ಸಾದ ಮೇಲೆ ಹಾಗೆ ನೋಡಿಸಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಮಾತೆ ಮರಿಯ ನಿನ್ನನ್ನೂ ನಿನ್ನ ಒಡಲಿನ ಕೂಸನ್ನೂ ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ. ಎರಾಸ್ತೊಗೆ ನನ್ನ ಆಶೀರ್ವಾದ ಹೇಳು. ಜಾಡಿಯನ್ನು ತೊಳೆದು ಚಾಯೊ ಕೈಯಲ್ಲೇ ವಾಪಸು ಕಳಿಸು, ಒಳ್ಳೆಯ ಮುಚ್ಚಳದ ಜಾಡಿ.

ನಿನ್ನ ಅಮ್ಮ,
ಬೆನಿಗ್ನಾ

ಮ.ವಿ.: ಚಾಯೊ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಹೋದ ತಿಂಗಳು ನೀನು ಎರಡು ಸಲ, “ಅಪ್ಪ ಬೇಡ ಅಂದ್ರಲ್ಲಮ್ಮ, ಹೆರಿಗೆಗೆ ಇಲ್ಲೇ ಆಸ್ಪತ್ರೆಗೆ ಹೋಗ್ತೀನಿ” ಅಂದೆ. ಬಸುರಿ ಹೆಂಗಸು ಅಷ್ಟು ದೂರದ ಬಸ್ಸು ಹತ್ತುವುದು ಬೇಡ ಅಂದಿರಬೇಕು ಎಂದು ನಾನು ಸುಮ್ಮನಿದ್ದೆ. ಈಗ ಜಾಡಿ ಕಟ್ಟುವಾಗ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದೆ, ಹೆರಿಗೆಗೆ ಬರ್ತೀನಿ ಅಂದ ಮಗಳಿಗೆ ಯಾಕೆ ಬೇಡ ಅಂದೆ ಎಂದು. ಜನವರಿಯಲ್ಲಿ ನೀನು ಫೋನಿನಲ್ಲಿ ಕೇಳಿದ್ದು ಅವನಿಗೆ ಕೇಳಿಸಲೇ ಇಲ್ಲ ಮಗಳೇ. ಯಾವಾಗಲೂ ಕೇಳುವ ಹಾಗೆ ಏನು ಕಳಿಸಲಿ ಎಂದು ಕೇಳುತ್ತಿದ್ದೀಯ ಅಂದುಕೊಂಡು, ಬೇಡ, ಏನೂ ಬೇಡ, ಇಲ್ಲಿ ಎಲ್ಲಾ ಇದೆ ಎಂದನಂತೆ. ಆಮೇಲೆ ನೀನು ಅಪ್ಪನಿಗೆ ಫೋನು ಕೊಡು ಅನ್ನಲಿಲ್ಲ. ಮಗಳಿಗೆ ನಾನು ಬೇಡವಾದೆ ಎಂದು ಅವನೂ ನನ್ನ ಹತ್ತಿರ ಹೇಳದೆ ನುಂಗಿಕೊಂಡಿದ್ದ. ಈಗ ನಿನ್ನ ಕೋಣೆಯ ಸಾಮಾನು ಅಂಗಳಕ್ಕೆ ಹಾಕುತ್ತಿದ್ದಾನೆ, ಗೋಡೆಗೆ ಸುಣ್ಣ ಬಳಿಯುತ್ತಾನಂತೆ. ಚಾಯೊ ಭಾನುವಾರ ವಾಪಸು ಹೊರಡುತ್ತಾಳೆ, ಅವಳ ಜೊತೆ ಬಂದುಬಿಡು. ಡಾಕ್ಟರನ್ನು ಕೇಳಿಕೊಂಡು ಬಾ, ಮುಂದಿನ ಸೀಟು ಹಿಡಿಯಿರಿ. ಫೋನಿನಲ್ಲಿ ಅವನಿಗೆ ಏನೂ ಹೇಳಲು ಹೋಗಬೇಡ. ಬಸ್‌ಸ್ಟ್ಯಾಂಡಿಗೆ ಅವನೇ ಬರುತ್ತಾನೆ. ಹಿಂದಿನಿಂದ ಕರೆಯಬೇಡ, ಕೂಗಬೇಡ. ಎದುರಿಗೆ ಹೋಗಿ ನಿಂತು, ನಿಧಾನವಾಗಿ ಅಪ್ಪಾ ಅನ್ನು.